ಒಡ್ಡಿನ ಹಿಂದಿನ ಹೂಳಿನಲ್ಲಿ ಎಲ್ಲ ಲೋಹಗಳೂ ಒಟ್ಟಿಗೆ ಏರಿವೆ: ಮಾಲಿನ್ಯವೋ, ಲೆಕ್ಕದ ತಪ್ಪೋ?

ನದಿತಳ:
ನಮಸ್ಕಾರ. ಒಂದೇ ನದಿಯ ಎರಡು ಕಡೆ ತಳದ ಹೂಳು ತೆಗೆದು ಪರೀಕ್ಷೆ ಮಾಡಿಸಿದ್ದೇನೆ. ಮೇಲ್ಭಾಗದ್ದು ಬರೀ ಮರಳು, ಕೆಳಗಿನದು ಒಡ್ಡಿನ ಹಿಂದೆ ನಿಂತ ಕಪ್ಪು ಕೆಸರು. ಎರಡನ್ನೂ ಆಕ್ವಾ ರೀಜಿಯಾದಲ್ಲಿ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕರಗಿಸಿದ್ದು. ಒಣತೂಕದ ಕೆ.ಜಿ.ಗೆ ಮಿ.ಗ್ರಾಂ ಲೆಕ್ಕದಲ್ಲಿ ಸತು ಮೇಲೆ 60, ಕೆಳಗೆ 152. ನಿಕ್ಕಲ್ 18, 44. ಕ್ಯಾಡ್ಮಿಯಂ 0.2, 1.5. ಒಟ್ಟು ರಂಜಕ 400, 2000. ಮೇಲ್ಭಾಗವನ್ನೇ ಹಿನ್ನೆಲೆ ಮಟ್ಟ ಅಂತಿಟ್ಟು ಮುಲ್ಲರ್ ಸೂಚ್ಯಂಕ (ಹಿನ್ನೆಲೆಗಿಂತ ಲೋಹ ಎಷ್ಟು ಏರಿದೆ ಎನ್ನುವ ಅಳತೆ, ಸೊನ್ನೆ ದಾಟಿದರೆ ಮಾಲಿನ್ಯದ ಸುಳಿವು) ಹಾಕಿದರೆ ಸತು 0.76, ನಿಕ್ಕಲ್ 0.70, ಕ್ಯಾಡ್ಮಿಯಂ 2.32. ನಡುವೆ ನಿಕ್ಕಲ್ ಬಿಡುವ ಕಾರ್ಖಾನೆ ಒಂದೂ ಇಲ್ಲ. ಎಲ್ಲಿ ಎಡವಿದ್ದೇನೆ?

ಮೆಕ್ಕಲು63:
ಅಲ್ಯೂಮಿನಿಯಂ ಅಳೆಸಿದ್ದೀರಾ?

ನದಿತಳ:
ಹೌದು. ಮೇಲೆ ಶೇ. 1.2, ಕೆಳಗೆ ಶೇ. 3.

ಮೆಕ್ಕಲು63:
ಹಾಗಾದರೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಲೋಹ ಅಂಟಿಕೊಳ್ಳುವುದು ಜೇಡಿಕಣಕ್ಕೆ, ಸಾವಯವ ಪದಾರ್ಥಕ್ಕೆ, ಕಬ್ಬಿಣ-ಮ್ಯಾಂಗನೀಸ್ ಆಕ್ಸೈಡಿನ ಲೇಪಕ್ಕೆ. ಮರಳಿನಲ್ಲಿ ಇವೆಲ್ಲ ಕಮ್ಮಿ. ಅಲ್ಯೂಮಿನಿಯಂ ಜೇಡಿಯ ಅಳತೆಗೋಲು, ಅದು 2.5 ಪಟ್ಟು ಏರಿದೆ. ಸತು 2.53, ನಿಕ್ಕಲ್ 2.44 ಪಟ್ಟು. ಅಂದರೆ ಇವೆರಡೂ ಜೇಡಿಯ ಜೊತೆಗೇ ಬಂದವು. ದಯವಿಟ್ಟು ವರದಿಯಲ್ಲಿ ಸತುವಿನ ಮಾಲಿನ್ಯ ಅಂತ ಬರೆಯಬೇಡಿ. ಅಂಥ ಒಂದು ತಪ್ಪು ಸಾಲಿನಿಂದ ನಿಜವಾದ ದೂರನ್ನೂ ಜನ ನಂಬದೇ ಹೋಗುತ್ತಾರೆ.

ನಿಜವಾದ ದೂರು ಇಲ್ಲಿ ಇದ್ದೇ ಇದೆ. ಕ್ಯಾಡ್ಮಿಯಂ 7.5 ಪಟ್ಟು ಏರಿದೆ, ಜೇಡಿಯ ಪಾಲು ಕಳೆದರೂ 3 ಪಟ್ಟು ಉಳಿಯುತ್ತದೆ. ರಂಜಕ 5 ಪಟ್ಟು ಏರಿದೆ, ಜೇಡಿಯ ಪಾಲು ಕಳೆದರೆ 2 ಪಟ್ಟು. ಇವೆರಡೂ ಜೊತೆಯಾಗಿ ಏರಿದ್ದರೆ ನಾನು ಮೊದಲು ನೋಡುವುದು ಹೊಲದಿಂದ ಹರಿದು ಬರುವ ರಂಜಕದ ಗೊಬ್ಬರವನ್ನು, ಆ ಗೊಬ್ಬರದಲ್ಲಿ ಕ್ಯಾಡ್ಮಿಯಂ ಇರುತ್ತದೆ. ಆದರೆ ಚರಂಡಿ ನೀರನ್ನೂ ತಳ್ಳಿಹಾಕಬೇಡಿ. ಇನ್ನು ಜಲಜೀವಿಗಳಿಗೆ ಅಪಾಯವೆಷ್ಟು ಎನ್ನುವುದಕ್ಕೆ ಜೇಡಿಯ ಪಾಲು ಕಳೆಯದ ಮೂಲ ಅಂಕಿಯನ್ನೇ ನೋಡಬೇಕು: 2000ರಲ್ಲಿ ಪ್ರಕಟವಾದ ಸಿಹಿನೀರಿನ ಹೂಳಿನ ಮಾರ್ಗದರ್ಶಿ ಮಿತಿಗಳಲ್ಲಿ ಕ್ಯಾಡ್ಮಿಯಂಗೆ ಕೆಳಗಿನದು 0.99, ಮೇಲಿನದು 4.98. ನಿಮ್ಮ 1.5 ನಡುವೆ ಬಿತ್ತು. ಹಾನಿ ಖಚಿತ ಅನ್ನಲಾಗದು, ನಿಶ್ಚಿಂತೆಯಾಗಿಯೂ ಇರಲಾಗದು.

ಕೆಸರುಗಾಲು:
ಹಿನ್ನೆಲೆಗೆ ಶೇಲ್ ಸರಾಸರಿ (ಜೇಡಿ ಗಟ್ಟಿಯಾಗಿ ಆದ ಶೇಲ್ ಕಲ್ಲಿನಲ್ಲಿರುವ ಲೋಹಗಳ ಸರಾಸರಿ) ಹಾಕಿದರೆ ಆಗದೇ?

ಮೆಕ್ಕಲು63:
ಅಲ್ಯೂಮಿನಿಯಂನಿಂದ ಭಾಗಿಸುವಾಗ ಬೇಡ. ಶೇಲ್‌ಗೆ ಕೊಡುವ ಸುಮಾರು ಶೇ. 8 ಅದರಲ್ಲಿರುವ ಅಲ್ಯೂಮಿನಿಯಂನ ಒಟ್ಟು ಪ್ರಮಾಣ. ಆಕ್ವಾ ರೀಜಿಯಾ ಸಿಲಿಕೇಟ್ ಖನಿಜವನ್ನು ಪೂರ್ತಿ ಕರಗಿಸುವುದಿಲ್ಲ, ನಿಮ್ಮ ಹೂಳಿನಲ್ಲಿ ಅಲ್ಯೂಮಿನಿಯಂ ಕಡಿಮೆ ಬಂದು ಎಲ್ಲ ಲೋಹಗಳೂ ಉಬ್ಬಿ ಕಾಣುತ್ತವೆ. ಅದೇ ನದಿಯ ಮೇಲ್ಭಾಗದಲ್ಲಿ ಜೇಡಿ ನಿಂತ ಮಡುವೊಂದನ್ನು ಹುಡುಕಿ. ಎರಡನ್ನೂ 63 ಮೈಕ್ರಾನ್ ಜರಡಿಯಲ್ಲಿ ನದಿಯ ನೀರಿನಿಂದಲೇ ತೊಳೆದು ಹಾಯಿಸಿ. ನೈಲಾನ್ ಜರಡಿಯೇ ಇರಲಿ, ಹಿತ್ತಾಳೆಯದು ತಾಮ್ರ, ಸತು ಬಿಡುತ್ತದೆ.

ನದಿತಳ:
ಉಳಿದ ಕೆಸರನ್ನು 105 ಡಿಗ್ರಿಯಲ್ಲಿ ಒಣಗಿಸಿಟ್ಟಿದ್ದೇನೆ. ರಂಜಕದ ವಿಧಗಳನ್ನು ಅದರಲ್ಲೇ ನೋಡಬಹುದೇ?

ಮೆಕ್ಕಲು63:
ಇಲ್ಲ. ಒಣಗಿಸಿದ ಕೆಸರು ಒಟ್ಟು ಸತು, ಕ್ಯಾಡ್ಮಿಯಂಗೆ ಸಾಕು, ಪಾದರಸಕ್ಕೆ ಬೇಡ, ಅದು ಹಾರಿಹೋಗುತ್ತದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಕಬ್ಬಿಣಕ್ಕೆ ಅಂಟಿದ ರಂಜಕ ನೀರಿಗೆ ಬಿಟ್ಟುಕೊಳ್ಳುತ್ತದೆ. ಒಡ್ಡಿನ ಹಿಂದೆ ಪಾಚಿ ಕಟ್ಟಿಸುವುದು ಅದೇ. ಅದನ್ನು ಅಳೆಯಲು ಹಸಿ ಕೆಸರೇ ಬೇಕು. ಡಬ್ಬಿಯನ್ನು ಬಾಯಿಯವರೆಗೂ ತುಂಬಿ, ಗಾಳಿ ಸೇರದಂತೆ ಮುಚ್ಚಿ, 4 ಡಿಗ್ರಿಯಲ್ಲಿಟ್ಟು ತನ್ನಿ.