ಹಳೆಯ ಓಮ್ನಿ ಚಕ್ರದಿಂದ ಟೈರನ್ನು ಮನೆಯಲ್ಲೇ ಬಿಡಿಸುವುದು ಹೇಗೆ?

ತೋಟದಮನೆ:
ನಮ್ಮ ಕೊಟ್ಟಿಗೆಯ ಹಿಂದೆ ಮಾರುತಿ ಓಮ್ನಿಯ ನಾಲ್ಕು ಚಕ್ರಗಳು ವರ್ಷಗಳಿಂದ ಬಿದ್ದಿವೆ. ಗೊಬ್ಬರ ಸಾಗಿಸುವ ಕೈಗಾಡಿಗೆ ಅವುಗಳ 12 ಇಂಚಿನ ರಿಮ್‌ಗಳನ್ನು ಬಳಸಬೇಕೆಂದಿದ್ದೇನೆ. ಟೈರುಗಳು ಬಿರುಕುಬಿಟ್ಟಿವೆ, ಅವು ಹಾಳಾದರೂ ಚಿಂತೆಯಿಲ್ಲ; ಆದರೆ ರಿಮ್ಮಿನ ಅಂಚು ಸೊಟ್ಟಗಾಗಬಾರದು. ಎರಡು ಟೈರ್ ಲಿವರ್‌ಗಳನ್ನು ಹಿಡಿದು ಒಂದು ಮಧ್ಯಾಹ್ನವಿಡೀ ಹೆಣಗಿದೆ. ಒಂದು ಕಡೆ ಎಬ್ಬಿಸಿದಷ್ಟೂ ಎದುರು ಕಡೆ ಬಿಗಿಯಾಗುತ್ತಿದೆ. ಪಂಕ್ಚರ್ ಅಂಗಡಿ ದೂರವಿರುವುದರಿಂದ ಮನೆಯಲ್ಲೇ ಮಾಡುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಹಳೇಗ್ಯಾರೇಜು:
ತಾವು ಬರೆದಿರುವುದನ್ನು ನೋಡಿದರೆ ಟೈರಿನ ಬೀಡ್, ಅಂದರೆ ಒಳಗೆ ಉಕ್ಕಿನ ತಂತಿಯಿರುವ ಅಂಚು, ರಿಮ್ಮಿನಿಂದ ಇನ್ನೂ ಬಿಟ್ಟೇ ಇಲ್ಲ. ಆ ತಂತಿ ಹಿಗ್ಗುವುದಿಲ್ಲವಾದ್ದರಿಂದ ಲಿವರ್‌ಗೆ ಎಷ್ಟು ಬಲ ಹಾಕಿದರೂ ವ್ಯರ್ಥ. ಮೊದಲು ವಾಲ್ವಿನೊಳಗಿನ ಪಿನ್ನನ್ನು ತಿರುಗಿಸಿ ತೆಗೆಯಿರಿ. ಚಪ್ಪಟೆಯಾಗಿ ಕಾಣುವ ಟೈರಿನಲ್ಲಿಯೂ ಗಾಳಿ ಉಳಿದಿರಬಹುದು. ಬಳಿಕ ಚಕ್ರವನ್ನು ಟ್ರ್ಯಾಕ್ಟರ್ ಟ್ರೈಲರಿನ ಚಾಸಿಯ ಕೆಳಗೆ ಮಲಗಿಸಿ, ರಿಮ್ಮಿಗೆ ತಾಗದಂತೆ ಆದರೆ ಅದರ ಪಕ್ಕದಲ್ಲೇ ಟೈರಿನ ಮೇಲೆ ಮರದ ತುಂಡಿಟ್ಟು, ಅದರ ಮೇಲೆ ಜ್ಯಾಕ್ ನಿಲ್ಲಿಸಿ ಏರಿಸಿದರೆ, ಟ್ರೈಲರಿನ ಭಾರವೇ ಬೀಡನ್ನು ಕೆಳಗೆ ಒತ್ತುತ್ತದೆ. ಟ್ರೈಲರಿನ ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು, ಯಾರೂ ಅದರಡಿ ಕೈ ಹಾಕಬಾರದು. ಸಂದಿಗೆ ಸಾಬೂನಿನ ನೀರು ಸುರಿಯುತ್ತ ಗೇಣು ಗೇಣಿಗೂ ಜ್ಯಾಕ್ ಸರಿಸಿ. ಎರಡೂ ಬದಿಗೆ ಹೀಗೆಯೇ ಮಾಡಬೇಕು.

ಮುಖ್ಯ ವಿಷಯ ಇನ್ನು ಮುಂದಿದೆ. ರಿಮ್ಮಿನ ನಡುವೆ ಸುತ್ತಲೂ ತಗ್ಗಾದ ಕೊಳ್ಳವಿರುತ್ತದೆ. ಅದು ಯಾವ ಅಂಚಿಗೆ ಹತ್ತಿರವೋ ಆ ಬದಿ ಮೇಲೆ ಬರುವಂತೆ ಚಕ್ರವನ್ನಿಟ್ಟು, ಮೇಲಿನ ಬೀಡನ್ನು ಒಂದು ಕಡೆ ಮೊಣಕಾಲಿನಿಂದ ಆ ಕೊಳ್ಳಕ್ಕೆ ಒತ್ತಿ ಹಿಡಿಯಿರಿ. ಆಗ ಅದೇ ಬೀಡಿನ ಎದುರು ಕಡೆ ದೊರೆಯುವ ಸಡಿಲದಲ್ಲಿ ಲಿವರ್ ಸುಲಭವಾಗಿ ಏಳುತ್ತದೆ. ಟ್ಯೂಬ್ ಇದ್ದರೆ ಮೊದಲ ಬೀಡು ಹೊರಬಂದ ಕೂಡಲೇ ಎಳೆದುಬಿಡಿ. ಎರಡನೆಯ ಬೀಡೂ ಅದೇ ಅಂಚಿನಿಂದಲೇ ಹೊರಬರಬೇಕು. ರಿಮ್ ಉಳಿಯಬೇಕೆಂದಾದರೆ ಲಿವರ್‌ನ ಕೆಳಗೆ ಹಳೆಯ ಟ್ಯೂಬಿನ ತುಂಡೊಂದನ್ನು ಇಡುವುದು ಒಳ್ಳೆಯದು.

ಕಬ್ಬಿಣದಂಗಡಿ:
ಟೈರ್ ಬೇಡವೇ ಬೇಡವೆಂದರೆ ಇಷ್ಟು ಶ್ರಮವೇಕೆ ಎಂಬುದು ನನ್ನ ಅಭಿಪ್ರಾಯ. ಅಳತೆಯಲ್ಲಿ ‘ಆರ್’ ಎಂದಿರುವ ರೇಡಿಯಲ್ ಕಾರ್ ಟೈರಿನ ಪಕ್ಕದ ಗೋಡೆಯಲ್ಲಿ ಸಾಮಾನ್ಯವಾಗಿ ಉಕ್ಕಿರದೆ ನೂಲಿನ ಪದರವಷ್ಟೇ ಇರುವುದರಿಂದ, ಹರಿತವಾದ ಚೂರಿಯನ್ನು ಸಾಬೂನಿನ ನೀರಿನಲ್ಲಿ ಅದ್ದಿ ಎರಡೂ ಬದಿ ಸುತ್ತಲೂ ಕೊಯ್ದರೆ ನಡುವಿನ ಪಟ್ಟಿ ಕಳಚಿಬರುತ್ತದೆ. ಉಳಿದ ಎರಡು ಬೀಡಿನ ಬಳೆಗಳನ್ನು ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಿ. ಗ್ರೈಂಡರ್ ಹಿಡಿದರೆ ಒಂದು ಕ್ಷಣದ ಅಜಾಗರೂಕತೆಯಿಂದ ರಿಮ್ಮಿಗೆ ಗಾಯವಾಗುತ್ತದೆ.

ಮಳೆಗಾಲ:
ಒಂದು ಮಾತು ಸೇರಿಸುತ್ತೇನೆ. ಬೀಡಿನ ತಂತಿಗಾಗಿ ಟೈರನ್ನು ಸುಡುವ ಅಭ್ಯಾಸ ನಮ್ಮ ಕಡೆ ಇದೆ. ಆ ಹೊಗೆ ವಿಷ, ಬೆಂಕಿಯನ್ನು ಆರಿಸುವುದೂ ಕಷ್ಟ. ಬಿಡಿಸಿದ ಟೈರನ್ನು ಅಂಗಳದಲ್ಲಿ ಬಿಟ್ಟರೆ ನೀರು ನಿಂತು ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ.

ತೋಟದಮನೆ:
ಎಲ್ಲರಿಗೂ ಧನ್ಯವಾದಗಳು. ಕೊಳ್ಳಕ್ಕೆ ಒತ್ತುವ ವಿಷಯ ನನಗೆ ಗೊತ್ತಿರಲಿಲ್ಲ. ಮೂರು ಟೈರುಗಳು ಜ್ಯಾಕ್ ವಿಧಾನದಿಂದಲೇ ಬಂದವು. ನಾಲ್ಕನೆಯದರಲ್ಲಿ ತುಕ್ಕು ಬೀಡಿಗೆ ಅಂಟಿಕೊಂಡಿದ್ದರಿಂದ ಕಬ್ಬಿಣದಂಗಡಿಯವರು ಹೇಳಿದಂತೆ ಕೊಯ್ಯಬೇಕಾಯಿತು. ಕೊಯ್ದು ನೋಡಿದರೆ ಆ ರಿಮ್ ವಾಲ್ವಿನ ತೂತಿನ ಬಳಿ ತಿಂದುಹೋಗಿತ್ತು. ಕೈಗಾಡಿಗೆ ಎರಡು ಚಕ್ರ ಸಾಕು, ಒಂದು ಹೆಚ್ಚುವರಿಯಾಗಿ ಉಳಿಯಿತು.