ಐದು ವರ್ಷದಿಂದ ಅನ್ನೋಕೆ ಇಂಗ್ಲಿಷಲ್ಲಿ ಸಿನ್ಸಾ, ಫಾರಾ, ಫ್ರಮ್ಮಾ?

ಕಾಫಿಪುಡಿ:
ಎಲ್ರಿಗೂ ನಮಸ್ಕಾರ. ಕೆಲಸ ಬದ್ಲಾಯಿಸೋಣ ಅಂತ ಕವರಿಂಗ್ ಲೆಟರ್ ಬರೀತಿದೀನಿ, ಅದ್ರಲ್ಲಿ "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್" ಅಂತ ಹಾಕಿದ್ದೆ, ತಂಗಿ ನೋಡಿ ನಕ್ಕುಬಿಟ್ಲು. ಸಿನ್ಸ್ ತಪ್ಪು ಅಂದ್ಲು, ಸರಿ ಅಂತ ಫ್ರಮ್ ಫೈವ್ ಇಯರ್ಸ್ ಮಾಡ್ದೆ, ಅದೂ ತಪ್ಪಂತೆ. ಯಾಕೆ ಅಂದ್ರೆ ಅವಳಿಗೂ ಗೊತ್ತಿಲ್ಲ, ಕೇಳಕ್ಕೆ ಚೆನ್ನಾಗಿಲ್ಲ ಅಂತಾಳೆ ಅಷ್ಟೆ. ಯಾರಾದ್ರೂ ಬಿಡಿಸಿ ಹೇಳ್ತೀರಾ

ಹಳೇಮೇಷ್ಟ್ರು:
ತಪ್ಪು ನಿಮ್ದಲ್ಲ, ನಮ್ಮ "ಇಂದ" ಪ್ರತ್ಯಯದ್ದು. 2019ರಿಂದ ಇಲ್ಲಿದೀನಿ, ಐದು ವರ್ಷದಿಂದ ಇಲ್ಲಿದೀನಿ, ಎರಡಕ್ಕೂ ನಮಗೆ ಅದೊಂದೇ ಸಾಕು. ಮೈಸೂರಿಂದ ಬಂದೆ, ಚಾಕುವಿಂದ ಹೆಚ್ಚಿದೆ, ನಿನ್ನಿಂದ ಕೆಟ್ಟೆ, ಎಲ್ಲಾದಕ್ಕೂ ಅದೇ, ಪಾಪ ಎಷ್ಟು ದುಡಿಯತ್ತೆ. ಇಂಗ್ಲಿಷಲ್ಲಿ ಇದನ್ನ ಒಡೆದು ಬೇರೆ ಬೇರೆ ಇಟ್ಟಿದಾರೆ. ಶುರುವಾದ ಹೊತ್ತು ಹೇಳಿದ್ರೆ ಸಿನ್ಸ್, ಅಂದ್ರೆ ಸಿನ್ಸ್ 2019, ಸಿನ್ಸ್ ಮಂಡೇ. ಎಷ್ಟು ಕಾಲ ಆಯ್ತು ಅಂತ ಅಳತೆ ಹೇಳಿದ್ರೆ ಫಾರ್. ಆಮೇಲೆ ನಿಮ್ಮ "ಆಮ್ ವರ್ಕಿಂಗ್" ಕೂಡ ಸರಿಯಿಲ್ಲ, "ಮಾಡ್ತಾ ಇದೀನಿ" ಅನ್ನೋದನ್ನ ಹಾಗೇ ಎತ್ತಿಟ್ಟಿದ್ದು ಅದು. ಹಿಂದೆ ಶುರುವಾಗಿ ಈಗ್ಲೂ ನಡೀತಿದ್ರೆ "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್". ಹ್ಯಾವ್ ಬೀನ್ ಯಾಕೆ ತಲೆನೋವು ಅಂತ "ಐ ವರ್ಕ್ಡ್ ಫಾರ್ ಫೈವ್ ಇಯರ್ಸ್" ಅಂತ ಬರೆದುಬಿಟ್ಟೀರಾ ಜೋಕೆ, ಓದೋರು ಕೆಲಸ ಬಿಟ್ಟಾಗಿದೆ ಅಂದ್ಕೊತಾರೆ.
ಕ್ಲಾಸಲ್ಲಿ ನಾನು ಹೇಳ್ತಿದ್ದಿದ್ದು, ಯಾವಾಗಿಂದ ಅಂತ ಕೇಳಿದ್ರೆ ಬರೋ ಉತ್ತರಕ್ಕೆ ಸಿನ್ಸ್, ಎಷ್ಟು ದಿನದಿಂದ ಅಂದ್ರೆ ಬರೋದಕ್ಕೆ ಫಾರ್.

ತುಂಗಾತೀರ:
ಮೇಷ್ಟ್ರೇ ಈ ಟ್ರಿಕ್ ಕೈಕೊಡತ್ತೆ. ಡಾಕ್ಟ್ರು ಯಾವಾಗಿಂದ ಜ್ವರ ಅಂದ್ರೆ ನಾವು ಮೂರು ದಿನದಿಂದ ಅಂತೀವಲ್ಲ, ಅಲ್ಲಿ ಸಿನ್ಸ್ ಹಾಕಿದ್ರೆ ಮತ್ತೆ ಗುಂಡಿಗೆ ಬಿದ್ದಂಗೆ

ಹಳೇಮೇಷ್ಟ್ರು:
ಅಯ್ಯೋ ಹೌದಲ್ರೀ! ಇಷ್ಟು ವರ್ಷ ಪಾಠ ಮಾಡಿದೀನಿ, ಒಬ್ಬ ಹುಡುಗನೂ ಕೇಳಿರ್ಲಿಲ್ಲ. ಹಂಗಾದ್ರೆ ಹೀಗೆ ಇಟ್ಕೊಳಿ, ಕ್ಯಾಲೆಂಡರ್ ಮೇಲೆ ಬೆರಳಿಟ್ಟು ತೋರಿಸೋದಾದ್ರೆ ಸಿನ್ಸ್, ಬೆರಳು ಮಡಚಿ ಎಣಿಸೋದಾದ್ರೆ ಫಾರ್. ಚಿಕ್ಕಂದಿನಿಂದ ಅನ್ನೋದು ಶುರುವಿನ ಹೊತ್ತೇ, ಸಿನ್ಸ್ ಚೈಲ್ಡ್‌ಹುಡ್. ಬಹಳ ದಿನದಿಂದ ಅನ್ನೋಕೆ ಫಾರ್ ಎ ಲಾಂಗ್ ಟೈಮ್, ಆಫೀಸ್ ಮೇಲಲ್ಲಿ ಎಲ್ರೂ ಬರೆಯೋ "ಸಿನ್ಸ್ ಲಾಂಗ್" ಬೇಡ.

ಚಳಿಗೆಹೆದರೋನು:
ಬರೀ ನಮ್ಮವರ ತಪ್ಪು ಅಂದ್ಕೋಬೇಡಿ. ನಾನು ಜರ್ಮನಿಯಲ್ಲಿದೀನಿ, ಇಲ್ಲೂ ಇದೇ ಗೋಳು. ಇವರ "ಜೈಟ್" ನಮ್ಮ ಇಂದ ಥರಾನೇ, ಇಸವಿ ಜೊತೆಗೂ ಬರತ್ತೆ ಐದು ವರ್ಷದ ಜೊತೆಗೂ ಬರತ್ತೆ, ಕ್ರಿಯಾಪದಾನೂ ವರ್ತಮಾನದಲ್ಲೇ. ಮೀಟಿಂಗಲ್ಲಿ ಒಬ್ಬ "ಐ ವರ್ಕ್ ಹಿಯರ್ ಸಿನ್ಸ್ ಟೆನ್ ಇಯರ್ಸ್" ಅಂದಾಗ ನಮ್ಮೂರೋನೇ ಸಿಕ್ಕಂಗಾಯ್ತು 😄

ಕಾಫಿಪುಡಿ:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ, ತಿದ್ದಿದೆ. ಕೆಳಗಡೆ "ಸಿನ್ಸ್ ಲಾಸ್ಟ್ ಟೂ ಮಂತ್ಸ್" ಅಂತ ಇನ್ನೊಂದಿತ್ತು, ಬೆರಳು ಮಡಚಿ ನೋಡ್ದೆ, ಅದು ಫಾರ್ ದ ಲಾಸ್ಟ್ ಟೂ ಮಂತ್ಸ್ ತಾನೆ?

ಹಳೇಮೇಷ್ಟ್ರು:
ಅದೇ. ಇನ್ನು ತಂಗಿಗೆ ನೀವೇ ಪಾಠ ಮಾಡಿ.