ಟೈರ್ ಬಟನ್ (ನೆಲಕ್ಕೆ ತಾಗೋ ರಬ್ಬರ್ ಉಬ್ಬು) ಇನ್ನೂ ಇದೆ, ಆದ್ರೂ ಬದಲಾಯಿಸಿ ಅಂತಾರೆ. ನಂಬೋದಾ?

ಮಂಡ್ಯ_ಸ್ವಿಫ್ಟ್:
ನಂದು 2018ರ ಸ್ವಿಫ್ಟ್, 31,000 ಕಿ.ಮೀ. ಓಡಿದೆ, ಅಷ್ಟೇ. ಓಡಿದ್ದಕ್ಕಿಂತ ಮನೆ ಮುಂದೆ ಬಿಸಿಲಲ್ಲಿ ನಿಂತಿದ್ದೇ ಜಾಸ್ತಿ. ತಿಂಗಳಿಗೆ ಎರಡು ಸಲ ಮೈಸೂರು, ವರ್ಷಕ್ಕೊಮ್ಮೆ ಧರ್ಮಸ್ಥಳ. ಗಾಡಿ ಜೊತೆ ಬಂದ ಟೈರ್‌ಗಳೇ ಇನ್ನೂ ಇವೆ. ವೀಲ್ ಅಲೈನ್‌ಮೆಂಟ್ (ಚಕ್ರಗಳ ಓರೆ ಸರಿ ಮಾಡೋದು) ಮಾಡಿಸೋಕೆ ಹೋದ್ರೆ ಅಂಗಡಿಯವನು ನಾಲ್ಕೂ ಬದಲಾಯಿಸಿ ಅಂತಾನೆ, ಇಪ್ಪತ್ತು ಸಾವಿರದ ಮೇಲೆ ಆಗುತ್ತಂತೆ. ಬೆರಳಿಟ್ಟು ನೋಡಿದೆ, ಬಟನ್ ಚೆನ್ನಾಗೇ ಇದೆ. ಆದರೆ ಕಳೆದ ವಾರ ಶ್ರೀರಂಗಪಟ್ಟಣದ ಹತ್ತಿರ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಸ್ವಲ್ಪ ಜಾರಿತು. ಟೈರ್‌ದಾ, ಬ್ರೇಕ್‌ದಾ ಗೊತ್ತಾಗ್ತಿಲ್ಲ.

ಕೆಆರ್‌ಎಸ್_ರೋಡ್:
ಬೆರಳಲ್ಲಿ ಅಳೆಯೋದು ಬಿಡಿ. ಟೈರ್ ಅಂಚಲ್ಲಿ ಟಿಡಬ್ಲ್ಯುಐ (TWI, ಸವೆತ ತೋರಿಸೋ ಗುರುತು) ಅಂತಲೋ ಸಣ್ಣ ತ್ರಿಕೋನವೋ ಇರುತ್ತೆ. ಅದರ ನೇರಕ್ಕೆ ಬಟನ್‌ಗಳ ನಡುವಿನ ಗೀರಿನ ಒಳಗೆ ನೋಡಿದ್ರೆ ತಳದಲ್ಲಿ ರಬ್ಬರಿನ ಒಂದು ಪುಟ್ಟ ದಿಣ್ಣೆ ಕಾಣುತ್ತೆ. ಬಟನ್ ಸವೆದು ಆ ದಿಣ್ಣೆ ಮಟ್ಟಕ್ಕೆ ಬಂತು ಅಂದ್ರೆ 1.6 ಮಿ.ಮೀ. ಉಳಿದಿದೆ ಅಂತ ಅರ್ಥ, ಅಲ್ಲಿಗೆ ಕಾನೂನಿನ ಪ್ರಕಾರವೂ ಟೈರ್ ಮುಗೀತು. ಹೊಸದರಲ್ಲಿ ಸುಮಾರು 8 ಮಿ.ಮೀ. ಇರುತ್ತೆ. ನಾನಂತೂ 3 ಮಿ.ಮೀ.ಗೇ ತೆಗೆಸ್ತೀನಿ. ಆ ಗೀರು ಇರೋದೇ ನೀರು ಹೊರಗೆ ತಳ್ಳೋಕೆ. ಆಳ ಕಡಿಮೆ ಆದ್ರೆ ಟೈರ್ ನೀರಿನ ಮೇಲೆ ತೇಲುತ್ತೆ, ಆಗ ಬ್ರೇಕ್ ಎಷ್ಟು ಚೆನ್ನಾಗಿದ್ರೂ ಪ್ರಯೋಜನ ಇಲ್ಲ.

ಆದರೆ ನಿಮ್ಮ ಕೇಸಲ್ಲಿ ನನಗೆ ಅನುಮಾನ ಬಟನ್ ಮೇಲಲ್ಲ, ವಯಸ್ಸಿನ ಮೇಲೆ. ಟೈರ್ ಪಕ್ಕದ ಗೋಡೆಯಲ್ಲಿ ಡಿಒಟಿ (DOT) ಅಂತ ಬರೆದಿರೋ ಸಾಲಿನ ಕೊನೇ ನಾಲ್ಕು ಅಂಕಿ ನೋಡಿ. ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ, ಆಮೇಲಿನ ಎರಡು ಅಂಕಿ ವರ್ಷ. ನಮ್ಮಪ್ಪ ಇಲ್ಲೇ ಮೈಸೂರಿನ ವಿಕ್ರಾಂತ್ ಟೈರ್ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ರು. ನೆಂಟರು ಗಾಡಿ ತಂದ್ರೆ ಕಾಫಿಗೆ ಮುಂಚೆ ಅದನ್ನೇ ಬಗ್ಗಿ ಓದ್ತಿದ್ರು.

ಕಬ್ಬಿನಗಾಡಿ:
ತಂತಿ ಕಾಣೋ ತನಕ ಓಡಿಸಿ ಗುರು. ನಮ್ಮ ಟ್ರಾಕ್ಟರ್ ಟ್ರೇಲರ್ ಟೈರ್ ಬೋಳಾಗಿ ಎಷ್ಟು ವರ್ಷ ಆಯ್ತೋ.

ಊಟಿ_ಟ್ರಿಪ್:
@ಕಬ್ಬಿನಗಾಡಿ ನಿಮ್ಮದು ಸಕ್ಕರೆ ಫ್ಯಾಕ್ಟರಿ ಗೇಟಲ್ಲಿ ದಿನಗಟ್ಟಲೆ ನಿಂತಿರುತ್ತಲ್ಲ ಅಣ್ಣ, ಇವರು ಹೈವೇಲಿ ನೂರರಲ್ಲಿ ಹೋಗೋರು.

@ಮಂಡ್ಯ_ಸ್ವಿಫ್ಟ್ ಸರ್, ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಮುಂದಿನ ಟೈರ್‌ನ ಒಳಭಾಗ ನೋಡಿ. ಎಲ್ಲರೂ ಹೊರಗಡೆ ನೋಡಿ ಚೆನ್ನಾಗಿದೆ ಅಂತಾರೆ. ಒಂದೇ ಅಂಚು ಸವೆದಿದ್ರೆ ಬಹುಮಟ್ಟಿಗೆ ಅಲೈನ್‌ಮೆಂಟ್ ತೊಂದರೆ. ಎರಡೂ ಅಂಚು ಸವೆದು ನಡು ಚೆನ್ನಾಗಿದ್ರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ, ನಡು ಮಾತ್ರ ಸವೆದಿದ್ರೆ ಗಾಳಿ ಜಾಸ್ತಿ. ಪಕ್ಕದಲ್ಲಿ ಬೋಂಡದ ಥರ ಉಬ್ಬಿದ್ರೆ ಮಾತ್ರ ಒಂದು ದಿನವೂ ಕಾಯಬೇಡಿ, ಒಳಗಿನ ದಾರ ಕಿತ್ತಿರುತ್ತೆ, ಯಾವಾಗ ಬೇಕಾದ್ರೂ ಒಡೆಯಬಹುದು.

ಮಂಡ್ಯ_ಸ್ವಿಫ್ಟ್:
ಈಗಷ್ಟೇ ನೋಡಿ ಬಂದೆ. ಹೊರಗಡೆ ಆ ಸಾಲಲ್ಲಿ ವರ್ಷವೇ ಇರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಗಾಡಿ ಕೆಳಗೆ ತಲೆ ಹಾಕಿದ ಮೇಲೆ ಒಳಗೋಡೆಯಲ್ಲಿ ಸಿಕ್ತು: 3518. ಪಕ್ಕದ ಮನೆ ಅಜ್ಜಿ ಏನ್ ಕಳ್ಕೊಂಡ್ಯಪ್ಪ ಅಂತ ಕೇಳಿದ್ರು. ಸೈಡಲ್ಲಿ ಹಿಮ್ಮಡಿ ಒಡೆದ ಹಾಗೆ ಸಣ್ಣ ಸಣ್ಣ ಬಿರುಕು. ಮುಂದಿನ ಎಡ ಟೈರ್ ಒಳ ಅಂಚು ಸವರಿದ್ರೆ ಹಲಗೆ ಥರ ನುಣ್ಣಗಿದೆ, ಹೊರಗೆ ಬಟನ್ ಹಾಗೇ ಇದೆ! ಇಷ್ಟು ದಿನ ನೋಡೇ ಇರಲಿಲ್ಲ.

ಕೆಆರ್‌ಎಸ್_ರೋಡ್:
ಹಾಗಾದ್ರೆ ಅಂಗಡಿಯವನು ಸುಳ್ಳು ಹೇಳಿಲ್ಲ ಬಿಡಿ. ಬಿಸಿಲಿಗೆ ನಿಂತು ನಿಂತು ರಬ್ಬರ್ ಗಟ್ಟಿಯಾಗಿರುತ್ತೆ, ಬಟನ್ ಇದ್ರೂ ಒದ್ದೆ ರಸ್ತೆಯಲ್ಲಿ ಹಿಡಿತ ಸಿಗಲ್ಲ. ನೀವು ಜಾರಿದ್ದು ಅದಕ್ಕೇ ಇರಬೇಕು. ಬ್ರೇಕ್ ಕೂಡ ಒಂದು ಸಲ ತೋರಿಸಿ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಗೊತ್ತಿರೋರ ಹತ್ತಿರ ಟೈರ್ ತೋರಿಸಬೇಕು. ಹತ್ತು ವರ್ಷ ಆದ್ರಂತೂ ಹೇಗಿದ್ರೂ ಬೇಡ. ಬಿರುಕು ಬಿಟ್ಟ ಮೇಲೆ ವರ್ಷ ಎಣಿಸ್ತಾ ಕೂರೋದೂ ಬೇಡ.

ಮಂಡ್ಯ_ಸ್ವಿಫ್ಟ್:
ಸದ್ಯಕ್ಕೆ ಎರಡು ಹಾಕಿಸಿದ್ರೆ ನಡೆಯುತ್ತಾ? ಜೂನ್ ತಿಂಗಳು, ಮಗಳ ಫೀಸೂ ಕಟ್ಟಬೇಕು.

ಊಟಿ_ಟ್ರಿಪ್:
ನಿಮ್ಮ ನಾಲ್ಕೂ ಒಂದೇ ವಯಸ್ಸಿನವು, ನಾಲ್ಕೂ ಹಾಕಿಸೋದೇ ಸರಿ. ಆಗಲ್ಲ ಅಂದ್ರೆ ಹೊಸ ಎರಡನ್ನ ಹಿಂದೆ ಹಾಕಿಸಿ, ಮುಂದಕ್ಕಲ್ಲ. ಅಂಗಡಿಯಲ್ಲೂ ಎಷ್ಟೋ ಜನ ಉಲ್ಟಾ ಹೇಳ್ತಾರೆ. ಮಳೆಯಲ್ಲಿ ಮುಂದಿನದು ಜಾರಿದ್ರೆ ಆಕ್ಸಿಲೇಟರ್ ಬಿಟ್ಟು ಹೇಗೋ ಸಂಭಾಳಿಸಬಹುದು, ಹಿಂದಿನದು ಜಾರಿದ್ರೆ ಗಾಡಿ ಗಿರಕಿ ಹೊಡೆಯುತ್ತೆ. ನುಣ್ಣಗಾಗಿರೋ ಆ ಎಡಗಡೇದನ್ನ ಮಾತ್ರ ಎಲ್ಲೂ ಇಟ್ಕೋಬೇಡಿ. ಹಿಂದೆ ಇರೋ ಎರಡರಲ್ಲಿ ಬಿರುಕು ಕಡಿಮೆ ಇದ್ರೆ ಅವನ್ನ ಮುಂದಕ್ಕೆ ತಂದು ಕೆಲವು ವಾರ ನಿಧಾನವಾಗಿ ಓಡಿಸಿ, ಆಮೇಲೆ ಉಳಿದೆರಡು. ಕೊಳ್ಳುವಾಗ ಹೊಸ ಟೈರ್‌ನ ತಾರೀಖನ್ನೂ ನೋಡಿ, ಎರಡು ವರ್ಷದ ಹಳೇ ಸ್ಟಾಕ್ ತಲೆಗೆ ಕಟ್ಟಿಬಿಟ್ಟಾರು. ಅಲೈನ್‌ಮೆಂಟ್ ಮಾಡಿಸದೆ ಆಚೆ ಬರಬೇಡಿ, ಇಲ್ಲಾಂದ್ರೆ ಹೊಸದೂ ಹೀಗೇ ಸವೆಯುತ್ತೆ.

ಮಂಡ್ಯ_ಸ್ವಿಫ್ಟ್:
ಹೆಂಡತಿ ಹತ್ತಿರ ಮಾತಾಡಿದೆ, ನಾಲ್ಕೂ ಹಾಕಿಸಿ ಅಂದಳು, ಧರ್ಮಸ್ಥಳ ಈ ವರ್ಷ ಬಸ್ಸಲ್ಲಿ. ಒಂದು ಡೌಟು: ಸ್ಟೆಪ್ನಿನೂ 2018ರದೇ, ಆದ್ರೆ ಒಂದು ಸಲವೂ ನೆಲ ಮುಟ್ಟಿಲ್ಲ, ಹೊಸ ಟೈರ್ ಮೇಲಿರೋ ರಬ್ಬರ್ ಮೀಸೆ ಕೂಡ ಹಾಗೇ ಇದೆ. ಅದನ್ನ ನಾಲ್ಕರಲ್ಲಿ ಒಂದು ಮಾಡಿ ಮೂರೇ ಕೊಂಡ್ರೆ?

ಊಟಿ_ಟ್ರಿಪ್:
ಬೇಡ ಸರ್, ಓಡದಿದ್ರೂ ಅದಕ್ಕೂ ಅಷ್ಟೇ ವಯಸ್ಸು. ಪಂಚರ್ ಅಂಗಡಿ ತನಕ ಮೆಲ್ಲಗೆ ಹೋಗೋಕೆ ಮಾತ್ರ ಇಟ್ಕೊಳ್ಳಿ. ಮೊದಲು ಅದರಲ್ಲಿ ಗಾಳಿ ಇದೆಯಾ ನೋಡಿ.

ಮಂಡ್ಯ_ಸ್ವಿಫ್ಟ್:
ಇರಲಿಲ್ಲ.